ತೊಂಬತ್ತೆರಡರ ಖಾಲಿ ಎಲೆ

"ಸುಳ್ಳು ಹೇಳೋದಕ್ಕೂ ಒಂದು ಲೆಕ್ಕ ಬೇಕು, ರಾಯರೇ. ನಿಮ್ಮ ಲೆಕ್ಕ ತಪ್ಪಿದೆ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದ ರಾಮದಾಸ ರಾಯರ ಕೈ ನಿಂತಿತು. ಈ ಹೋಟೆಲಿನ ಮಾಲೀಕರು ಅವರೇ. ಉಡುಪಿ ಕಡೆಯಿಂದ ಬಂದು ಈ ತಮಿಳು ಪಟ್ಟಣದ ತಿರುವಲ್ಲಿಕ್ಕೇಣಿಯಲ್ಲಿ ನೆಲೆನಿಂತು ಕೂದಲು ನೆರೆದವರು.

"ಎಂತದು ಭೋಜರಾಜರೇ? ನಾನು ಎಂತ ಸುಳ್ಳು ಹೇಳಿದ್ದೇನೆ?"

ನಾನು ಎದುರಿನ ಬೆಂಚಿನ ಮೇಲೆ ಕುಸಿದೆ. ಊಟದ ಗಿರಾಕಿಗಳು ಹೋಗಿ, ಸಂಜೆಯ ತಿಂಡಿಯವರು ಇನ್ನೂ ಬಾರದ ಹೊತ್ತು. ಹೊರಗೆ ನಡುಬೇಸಿಗೆಯ ಕತ್ತರಿ ಬಿಸಿಲು. ಒಳಗೆ ಫ್ಯಾನು ಸುತ್ತುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ರೈಲ್ವೆಯ ಕಾವಲು ಇಲಾಖೆಯಲ್ಲಿ ಸವೆದು ನಿವೃತ್ತನಾದ ಮೇಲೆ ಈ ಪತ್ತೇದಾರಿಕೆಯ ಉಸಾಬರಿ ನನಗೆ ಬೇಕಿತ್ತೆ ಎಂದು ಬೆಳಿಗ್ಗೆಯಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಪೆರಂಬೂರಿನಿಂದ ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಕಾಲು ಊದಿ ಚಪ್ಪಲಿಯೇ ಬಿಗಿಯಾಗಿತ್ತು.

ಆದರೆ ರತ್ನಾವತಿಯ ಮುಖ ನೆನಪಾದರೆ ಎದ್ದು ಹೋಗುವಂತಿರಲಿಲ್ಲ. ಮೊನ್ನೆ ಮಹಡಿಯ ಕೋಣೆಯ ಬಾಡಿಗೆದಾರ ಮಧ್ವರಾಜ ಮಾಸ್ತರರು ಬದುಕಿದ್ದರು. ನಿನ್ನೆ ಬೆಳಿಗ್ಗೆ ಹಿಂಬದಿಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ನೀರು ಹೊರುವ ಮೋನಪ್ಪನನ್ನು ಪೊಲೀಸರು ಒಯ್ದರು. ರತ್ನಾವತಿ ಅವನ ಹೆಂಡತಿ, ಇದೇ ಹೋಟೆಲಿನಲ್ಲಿ ಹಿಟ್ಟು ರುಬ್ಬುವವಳು. ನಾಳೆ ಅವನನ್ನು ಕೋರ್ಟಿಗೆ ಹಾಜರುಪಡಿಸಿದರೆ ಮತ್ತೆ ಹೊರಗೆ ಬರುವುದು ಯಾವ ಕಾಲಕ್ಕೋ. "ಅವರು ಇರುವೆಯನ್ನು ಸಹ ದಾಟಿ ಹೋಗುವವರು ಸಾರ್," ಎಂದು ನನ್ನ ಮನೆಯ ಹೊಸ್ತಿಲಲ್ಲಿ ಕೂತು ಅತ್ತಿದ್ದಳು.

ಮೋನಪ್ಪನ ಕುತ್ತಿಗೆಗೆ ಹಗ್ಗ ತಂದದ್ದು ರಾಯರ ಒಂದೇ ಒಂದು ಹೇಳಿಕೆ.

"ಇನ್ನೊಂದು ಸಲ ಹೇಳಿ, ರಾಯರೇ. ಮೊನ್ನೆ ದೀಪ ಹಚ್ಚೋ ಹೊತ್ತಿಗೆ ಏನಾಯ್ತು?"

"ಎಷ್ಟು ಸಲ ಹೇಳುದು ಮಾರಾಯ್ರೆ?" ರಾಯರು ಮೂಲೆಯ ಮೇಜಿನ ಕಡೆ ನೋಡಿದರು. ಅಲ್ಲಿ ಇನ್‌ಸ್ಪೆಕ್ಟರ್ ತಿರುಮಲ ಬೋಂಡಾ ಮುರಿಯುತ್ತಿದ್ದ. ಹೊಸೂರಿನವನು, ಕನ್ನಡ ಬರುತ್ತಿತ್ತು, ತಾಳ್ಮೆ ಬರುತ್ತಿರಲಿಲ್ಲ. "ಮಾಷ್ಟ್ರು ಕೆಳಗೆ ಬಂದ್ರು, ಹುಡುಗರೆಲ್ಲ ತಿಂಡಿ ಬಡಿಸುದ್ರಲ್ಲಿ ಇದ್ರು. ಮುಖ ಅರಳಿತ್ತು. 'ರಾಮದಾಸ, ಸಾಲಾಗಿ ನಾಲ್ಕು ಸಿಕ್ಕಿತು' ಅಂದ್ರು. ಮೋನಪ್ಪನ ಹತ್ರ ಬಿಸಿನೀರು ಮೇಲೆ ತರ್ಲಿಕ್ಕೆ ಹೇಳಿ ಹೋದ್ರು. ಅವ ಕೊಂಡುಹೋದ. ಅಷ್ಟೇ. ಮತ್ತೆ ಮಾಷ್ಟ್ರನ್ನು ಜೀವದಲ್ಲಿ ನೋಡಿದವರು ಯಾರೂ ಇಲ್ಲ."

"ನಾಲ್ಕು ಸಿಕ್ಕಿತು ಅಂದರಾ? ಸರಿಯಾಗಿ ಕೇಳಿಸ್ತಾ?"

"ನನ್ನ ಕಿವಿಗೆ ಎಂತ ಆಗಿದೆ? ನಾಲ್ಕೇ."

ಈ ನಾಲ್ಕರ ಕತೆ ಹೇಳಬೇಕು. ಮಾಸ್ತರರು ಒಂಟಿ ಜೀವ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ದಿನಾ ಸಂಜೆ ಗಲ್ಲಾದ ಎದುರು ನಿಂತು ದಿನಕ್ಕೊಂದು ಸಂಖ್ಯೆ ತೆಗೆದುಕೊಂಡು, ಕಾಗದ ಮುಟ್ಟದೆ ಬಾಯಲ್ಲೇ ಒಡೆಯುತ್ತಿದ್ದರು. ಒಡೆದು ಒಡೆದು ಕೊನೆಗೆ ಇನ್ನು ಒಡೆಯಲಾಗದ ಅವಿಭಾಜ್ಯಗಳು ಉಳಿಯುತ್ತವಲ್ಲ, ಅವರಿಗೆ ಅವು ಊಟಕ್ಕೆ ಕೂತ ನೆಂಟರು. ಮೂವತ್ತಮೂರರಲ್ಲಿ ಮೂರು ಮತ್ತು ಹನ್ನೊಂದು. ಮೂವತ್ತನಾಲ್ಕರಲ್ಲಿ ಎರಡು ಮತ್ತು ಹದಿನೇಳು. ಮೂವತ್ತೈದರಲ್ಲಿ ಐದು ಮತ್ತು ಏಳು. ಅಕ್ಕಪಕ್ಕದ ಮೂರು ಮನೆ, ಮೂರರಲ್ಲೂ ಇಬ್ಬಿಬ್ಬರೇ ನೆಂಟರು, ಯಾರೂ ಎರಡು ಸಲ ಕೂತಿಲ್ಲ. ಅಂಥ ಸಾಲು ಸಿಕ್ಕ ದಿನ ಅವರು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದರಂತೆ. ಒಬ್ಬನೇ ನೆಂಟ ಒಂದೇ ಮನೆಯಲ್ಲಿ ಎರಡು ಸಲ ಕೂತರೆ ಮಾತ್ರ ಮುಖ ಸಿಂಡರಿಸುತ್ತಿದ್ದರು. ಹೋಟೆಲಿನವರಿಗೆ ಲೆಕ್ಕ ಅರ್ಥವಾಗದಿದ್ದರೂ ಕಾಫಿ ಅರ್ಥವಾಗುತ್ತಿತ್ತು.

ನಾನು ಗಲ್ಲಾದ ಮೇಲಿದ್ದ ಹಿತ್ತಾಳೆ ಲೋಟಗಳನ್ನು ಒಂದರ ಪಕ್ಕ ಒಂದು ಇಟ್ಟೆ.

"ಇನ್‌ಸ್ಪೆಕ್ಟರೇ, ನೀವೂ ನೋಡಿ. ಅಕ್ಕಪಕ್ಕದ ಯಾವ ನಾಲ್ಕು ಸಂಖ್ಯೆ ಬೇಕಾದರೂ ತಗೊಳ್ಳಿ. ಅದರಲ್ಲಿ ಒಂದು ನಾಲ್ಕರಿಂದ ಭಾಗ ಆಗೇ ಆಗುತ್ತೆ. ಹೌದಾ?"

ತಿರುಮಲ ಬೆರಳು ಮಡಿಸಿ ನೋಡಿದ. "ಆಮಾ. ಆಗುತ್ತೆ."

"ನಾಲ್ಕು ಅಂದರೆ ಏನು? ಎರಡೆರಡಲ ನಾಲ್ಕು. ಎರಡು ಅನ್ನೋ ನೆಂಟ ಆ ಮನೇಲಿ ಎರಡು ಸಲ ಕೂತ ಹಾಗಾಯ್ತು. ಅಂದರೆ ಆ ಮನೆ ಸಾಲಿಗೆ ಸೇರಲ್ಲ." ನಾಲ್ಕನೆಯ ಲೋಟವನ್ನು ಬೋರಲು ಹಾಕಿದೆ. "ಮೂರು ಬರಬಹುದು. ನಾಲ್ಕು ಸಾಲಾಗಿ ಬರೋದು ಈ ಜನ್ಮದಲ್ಲಿ ಸಾಧ್ಯವಿಲ್ಲ. ಗಣಿತದ ಮೇಷ್ಟ್ರು 'ನಾಲ್ಕು ಸಿಕ್ಕಿತು' ಅಂತ ಕುಣಿತಾರಾ? ಹಾಗೆ ಹೇಳೋದು ಗಣಿತ ಗೊತ್ತಿಲ್ಲದವರು. ದಿನಾ 'ಮೂರು ಮೂರು' ಅನ್ನೋದನ್ನ ಕೇಳಿ, ನಾಲ್ಕು ಅಂದರೆ ಇನ್ನೂ ದೊಡ್ಡದು ಅಂದುಕೊಂಡವರು."

ಲೆಕ್ಕ ನನ್ನದಲ್ಲ. ಮಾಸ್ತರರ ಹಳೆಯ ಶಿಷ್ಯೆ, ಹೆಣ್ಣುಮಕ್ಕಳ ಕಾಲೇಜಿನ ಗಣಿತದ ಲೆಕ್ಚರರ್ ಜಯಲಕ್ಷ್ಮೀಯವರನ್ನು ಬೆಳಿಗ್ಗೆ ಮೈಲಾಪುರದಲ್ಲಿ ಕಂಡಿದ್ದೆ. ಮಾಸ್ತರರನ್ನು ನೋಡಿ ತಿಂಗಳಾಯಿತು ಎಂದರು. ಅಕ್ಕಪಕ್ಕದ ನಾಲ್ಕು ಸಾಧ್ಯವೇ ಎಂದು ಕೇಳಿದ್ದಕ್ಕೆ ಇಲ್ಲ ಎಂದು ಕಾರಣ ಹೇಳಿದರು. "ಇನ್ನೊಂದು ಮಾತಿದೆ, ಮಧ್ಯಾಹ್ನ ಹೋಟೆಲಿಗೇ ಬರ್ತೀನಿ, ಅಲ್ಲೀತನಕ ಕಾಯಿರಿ" ಎಂದೂ ಹೇಳಿದ್ದರು. ನಾನು ಕಾಯಲಿಲ್ಲ. ದಣಿದವನಿಗೆ ಬೇಗ ಮುಗಿಸಿ ಮಲಗುವ ಆಸೆ.

ರಾಯರ ಹಣೆಯಲ್ಲಿ ಬೆವರು ಮೂಡಿತು.

"ನನಗೆ ಆ ಲೆಕ್ಕ ಎಲ್ಲ ಗೊತ್ತಿಲ್ಲ. ಅವರು ಹೇಳಿದ್ದನ್ನು ನಾನು ಹೇಳಿದ್ದು."

"ಅವರು ಹೇಳಿಲ್ಲ. ಯಾಕಂದರೆ ಅವರು ಆ ಸಂಜೆ ಕೆಳಗೆ ಬಂದೇ ಇಲ್ಲ."

"ಬಂದಿದ್ದಾರೆ!"

"ಬಂದಿಲ್ಲ. ಬಿಸಿನೀರು ಕೊಟ್ಟೆ ಅಂತ ಮೋನಪ್ಪ ಅಂದದ್ದು ಪೊಲೀಸರ ಏಟಿಗೆ. ದೀಪ ಹಚ್ಚೋಕೆ ಮೊದಲೇ ಅವರು ಸತ್ತಿದ್ದರು, ಅದನ್ನ ಮುಚ್ಚೋಕೇ ನಿಮ್ಮ ಸುಳ್ಳು. ಹಿಂದಿನ ಮೆಟ್ಟಿಲ ಕಡೆ ಯಾರೂ ತಲೆ ಹಾಕಲ್ಲ, ಹಾಗಾಗಿ ಬೆಳಿಗ್ಗೆವರೆಗೂ ಯಾರೂ ನೋಡಲಿಲ್ಲ." ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸುತ್ತಿತ್ತು. ಇಷ್ಟು ವರ್ಷ ಇದೇ ದನಿಯಲ್ಲಿ ಎಷ್ಟು ಜನರನ್ನು ಮೂಲೆಗೆ ಒತ್ತಿದ್ದೇನೋ. "ಊಟಕ್ಕೆ ಬಂದವರನ್ನ ಎಲ್ಲರೂ ನೋಡಿದ್ದಾರೆ. ಹಾಗಾದರೆ ಸತ್ತದ್ದು ಊಟದ ಮೇಲೆ, ಮಧ್ಯಾಹ್ನ. ಮಧ್ಯಾಹ್ನ ಮೋನಪ್ಪ ಬೀದಿ ನಲ್ಲಿಯ ಹತ್ತಿರ ಇದ್ದ, ಬೀದಿಗೆ ಬೀದಿಯೇ ನೋಡಿದೆ. ನೀವು ಗಲ್ಲಾದಲ್ಲಿ. ಹುಡುಗರೆಲ್ಲ ಪಾತ್ರೆ ತೊಳೆಯೋದರಲ್ಲಿ. ಮಹಡಿ ಮೇಲೆ ಇದ್ದವರು ಯಾರು, ರಾಯರೇ? ತಾರಸಿಯಲ್ಲಿ ಸಂಡಿಗೆ ಒಣಗಿಸ್ತಾ ಇದ್ದವರು?"

ರಾಯರ ಕಣ್ಣು ಅಡಿಗೆಮನೆಯ ಅರೆಬಾಗಿಲಿನ ಕಡೆ ಹೋಯಿತು. ಬಾಗಿಲ ಕೆಳಗೆ ಹಸಿರು ದಾವಣಿಯ ಅಂಚೂ ಎರಡು ಪಾದಗಳೂ ಕಾಣುತ್ತಿದ್ದವು. ಅವರ ಒಬ್ಬಳೇ ಮಗಳು ಸುಗುಣಾ.

"ಸುಗುಣಾ ಅಲ್ವಾ ಇದ್ದದ್ದು?" ಎಂದೆ.

"ಅವಳ ಹೆಸರು ತೆಗೀಬೇಡಿ!" ರಾಯರು ಎದ್ದು ನಿಂತರು. ವೀಳ್ಯದೆಲೆ ಕೆಳಗೆ ಬಿತ್ತು. "ಸುಳ್ಳು ಹೇಳಿದ್ದು ಹೌದು. ಮಾಷ್ಟ್ರು ಬರ್ಲಿಲ್ಲ. ನಾನೇ... ಮಧ್ಯಾಹ್ನ ಒಂದು ಗಳಿಗೆ ಗಲ್ಲಾ ಬಿಟ್ಟು ಮೇಲೆ ಹೋಗಿದ್ದೆ. ಮಾತಿಗೆ ಮಾತು ಬೆಳೀತು. ದೂಡಿದೆ. ಬರ್ಕೊಳ್ಳಿ."

"ಅಪ್ಪಾ!" ಒಳಗಿನಿಂದ ಒಂದು ಕೂಗು. "ಎನ್ನಪ್ಪಾ ಸೊಲ್ರೀಂಗ? ಏನು ಹೇಳ್ತಾ ಇದ್ದೀರಿ?"

"ನೀ ಒಳಗೆ ಇರು!" ರಾಯರು ಗದರಿದರು. ಆ ಗದರಿಕೆಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ನನಗೆ ಅದು ಕೇಳಿಸಿತು. ಆದರೆ ಕೇಳಿಸಿಕೊಳ್ಳುವಷ್ಟು ಶಕ್ತಿ ಉಳಿದಿರಲಿಲ್ಲ.

ತಿರುಮಲ ಕೈ ಒರೆಸಿಕೊಂಡು ಎದ್ದ. "ಸೆಬಾಷ್ ಸಾರ್. ಸ್ಟೇಷನ್ನಿಗೆ ಹೋಗಿ ಆ ನೀರಿನವನನ್ನ ಬಿಟ್ಟುಬಿಡ್ತೀನಿ."

ಜೀಪು ಹೊರಟಿತು. ಹಿತ್ತಲಿನಲ್ಲಿ ರುಬ್ಬುತ್ತಿದ್ದ ರತ್ನಾವತಿಗೆ ಸುದ್ದಿ ಮುಟ್ಟಿ, ಅವಳು ಕೈಯ ಹಿಟ್ಟನ್ನೂ ತೊಳೆಯದೆ ಠಾಣೆಯ ಕಡೆ ಓಡಿದಳು. ಠಾಣೆ ಬೀದಿಯ ಕೊನೆಯಲ್ಲೇ ಇತ್ತು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಗೆದ್ದಾಗ ಖುಷಿಯಾಗಬೇಕು ಎನ್ನುತ್ತಾರೆ. ನನಗೆ ಹಸಿವೂ ಆಗಿರಲಿಲ್ಲ.

ಧಣಿ ಜೈಲಿಗೆ ಹೋದರೂ ಹೊಟ್ಟೆ ಕೇಳುವುದಿಲ್ಲ. ಹೋಟೆಲಿನ ಕೆಲಸದವರು ಮಾತಿಲ್ಲದೆ ತಮ್ಮ ಊಟಕ್ಕೆ ನೆಲದ ಮೇಲೆ ಎಲೆ ಹಾಕಿಕೊಂಡರು. ಆ ಹೊತ್ತಿಗೆ ಜಯಲಕ್ಷ್ಮೀಯವರು ಬಂದರು. ಹತ್ತಿ ಸೀರೆ, ಕಪ್ಪು ಕೊಡೆ, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು.

"ಬಸ್ಸು ರಾಯಪೇಟೆಯಲ್ಲಿ ಕೆಟ್ಟು ನಿಂತಿತ್ತು ಸಾರ್. ಎಲ್ಲಿ ರಾಯರು?"

"ಒಪ್ಪಿಕೊಂಡರು. ಕರಕೊಂಡು ಹೋದರು. ನಿಮ್ಮ ಲೆಕ್ಕದಿಂದಲೇ."

"ನನ್ನ ಯಾವ ಲೆಕ್ಕ?"

"ಅದೇ, ನಾಲ್ಕು ಬರೋದಿಲ್ಲ ಅಂತ."

ಅವರು ಕೊಡೆಯನ್ನು ಮೇಜಿನ ಮೇಲೆ ಇಡಲು ಹೋಗಿ ಕೆಳಗೆ ಬೀಳಿಸಿದರು.

"ಕಾಯಿರಿ ಅಂದಿದ್ದೆನಲ್ಲ ಸಾರ್! ನೀವು ಕೇಳಿದ್ದು ಅಕ್ಕಪಕ್ಕದ ನಾಲ್ಕು ಸಂಖ್ಯೆ. ಅದು ಬರಲ್ಲ, ನಿಜ. ಆದರೆ ಮಾಷ್ಟ್ರು ಹಾಗೆ ಎಣಿಸ್ತಾನೇ ಇರಲಿಲ್ಲ."

"ಮತ್ತೆ ಹೇಗೆ?"

ಅವರು ಊಟದ ಸಾಲಿನ ಕಡೆ ಕೈ ತೋರಿಸಿದರು. ಕೆಲಸದವರು ಸಾಲಾಗಿ ಕೂತಿದ್ದರು. ನಡುವೆ ಒಂದು ಎಲೆ ಖಾಲಿ. ಮಾಸ್ತರರು ಯಾವಾಗಲೂ ಈ ಕೊನೆಯ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಿದ್ದರಂತೆ. ಎಲೆ ಹಾಕಿದವನು ಅಭ್ಯಾಸಬಲದಿಂದ ಅವರಿಗೂ ಒಂದು ಹಾಕಿಬಿಟ್ಟಿದ್ದ. ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ.

"ಬಡಿಸೋರನ್ನ ನೋಡಿ," ಎಂದರು.

ಬಡಿಸುವವನು ಸಾರಿನ ಪಾತ್ರೆ ಹಿಡಿದು ಬಂದ. ಒಂದೊಂದು ಎಲೆಗೂ ಬಾಗಿದ. ಖಾಲಿ ಎಲೆಯ ಹತ್ತಿರ ನಿಲ್ಲಲೇ ಇಲ್ಲ. ದಾಟಿ ಮುಂದಿನವನಿಗೆ ಬಡಿಸಿದ.

"ಎಲೆ ಇದೆ, ಜನ ಇಲ್ಲ. ಬಡಿಸೋನ ಲೆಕ್ಕದಲ್ಲಿ ಆ ಕಡೆಯವನೂ ಈ ಕಡೆಯವನೂ ಒಬ್ಬರ ಹಿಂದೆ ಒಬ್ಬರು. ಮಾಷ್ಟ್ರು ಇದನ್ನ ಇಲ್ಲೇ ಕೂತು ಉಣ್ತಾ ಕಲಿತದ್ದು. ಒಬ್ಬನೇ ನೆಂಟ ಎರಡು ಸಲ ಕೂತ ಸಂಖ್ಯೆ ಅವರಿಗೆ ಖಾಲಿ ಎಲೆ. ಅದು ಸಾಲನ್ನ ಮುರಿಯಲ್ಲ. ದಾಟಿ ಮುಂದಕ್ಕೆ ಹೋಗೋದು, ಅಷ್ಟೇ. ಮೊನ್ನೆ ಯಾವ ಸಂಖ್ಯೆಯ ದಿನ?"

"ತೊಂಬತ್ತೈದು." ಅಡಿಗೆಮನೆಯ ಬಾಗಿಲ ಹಿಂದಿನಿಂದ ಸುಗುಣಾಳ ದನಿ. ನಾವು ಕೇಳಿ ಮುಗಿಸುವ ಮೊದಲೇ ಬಂದಿತ್ತು.

"ನೋಡಿ ಹಾಗಾದರೆ. ತೊಂಬತ್ತೊಂದು: ಏಳು, ಹದಿಮೂರು. ಇಬ್ಬರು ನೆಂಟರು. ತೊಂಬತ್ತೆರಡರಲ್ಲಿ ಎರಡು ಎರಡು ಸಲ ಕೂತಿದೆ, ಖಾಲಿ ಎಲೆ, ದಾಟಿ. ತೊಂಬತ್ತಮೂರು: ಮೂರು, ಮೂವತ್ತೊಂದು. ತೊಂಬತ್ತನಾಲ್ಕು: ಎರಡು, ನಲವತ್ತೇಳು. ತೊಂಬತ್ತೈದು: ಐದು, ಹತ್ತೊಂಬತ್ತು." ಅವರು ನಾಲ್ಕು ಬೆರಳು ಎತ್ತಿ ಹಿಡಿದರು. "ಸಾಲಾಗಿ ನಾಲ್ಕು ಸಾರ್. ಒಂದರಿಂದ ಎಣಿಸುತ್ತಾ ಬಂದರೆ ಮೊದಲನೇ ಸಲ ನಾಲ್ಕು ಸಿಗೋದು ಅಲ್ಲೇ."

ನಾನು ಗಲ್ಲಾದ ಮೇಲಿನ ಲೋಟಗಳನ್ನು ನೋಡಿದೆ. ಬೋರಲು ಹಾಕಿದ ಲೋಟ ಹಾಗೇ ಇತ್ತು.

ಪೆರಂಬೂರಿನ ಯಾರ್ಡಿನಲ್ಲಿ ರಾತ್ರಿ ಹಗಲೆನ್ನದೆ ಬೋಗಿ ಎಣಿಸಿದವನು ನಾನು. ಬೋಗಿ ತುಂಬಿರಲಿ, ಖಾಲಿಯಿರಲಿ, ನಮ್ಮಲ್ಲಿ ಬೋಗಿ ಬೋಗಿಯೇ. ಖಾಲಿ ಬೋಗಿ ಬಿಟ್ಟು ಎಣಿಸಿದರೆ ಮೇಲಿನವರು ಕಿವಿ ಹಿಂಡುತ್ತಿದ್ದರು. ಹೋಟೆಲಿನ ಸಾಲನ್ನು ರೈಲಿನ ಸಾಲಿನ ಹಾಗೆ ಎಣಿಸಿ, ನಿಜ ಹೇಳಿದ ಮನುಷ್ಯನನ್ನು ನಾನು ಸುಳ್ಳುಗಾರನನ್ನಾಗಿ ಮಾಡಿದ್ದೆ. ಅವರ ಮಗಳ ಕಡೆ ಬೆರಳು ತೋರಿಸಿದ್ದೆ. ಆ ಬೆರಳು ಮಡಚಿಸಲು ಅವರು ತಮ್ಮ ತಲೆ ಕೊಟ್ಟರು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈಗ ತಿರುಮಲನಿಗೆ ಫೋನು ಮಾಡಿ ನನ್ನ ಲೆಕ್ಕ ತಪ್ಪು ಎಂದರೆ ರಾಯರು ಹೊರಗೆ ಬರುತ್ತಾರೆ. ಆದರೆ ರಾಯರ ಮಾತು ನಿಜವಾದರೆ ಮಾಸ್ತರರನ್ನು ಕೊನೆಗೆ ಕಂಡವನು ಮತ್ತೆ ಮೋನಪ್ಪನೇ. ಅತ್ತ ದರಿ, ಇತ್ತ ಪುಲಿ. ಯಾವ ಕಡೆ ಬಾಯಿ ತೆರೆದರೂ ಒಬ್ಬ ಲಾಕಪ್ಪಿಗೆ.

ಫೋನಿನ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು.

ರತ್ನಾವತಿ ಗಂಡನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವನ ತುಟಿ ಒಡೆದಿತ್ತು. ಅವಳ ಮೊಣಕೈವರೆಗೆ ಹಿಟ್ಟು ಒಣಗಿ ಬಿಳಿಯಾಗಿತ್ತು. ಅವಳು ನೇರ ಬಂದು ನನ್ನ ಕಾಲಿಗೆ ಬಿದ್ದಳು.

"ನೀವು ದೇವರು ಸಾರ್."

"ಏಳು ತಾಯಿ," ಎಂದೆ. ಫೋನಿನ ಮೇಲಿನ ಕೈ ಹಿಂದಕ್ಕೆ ತೆಗೆದೆ.

ಮೋನಪ್ಪ ಗಲ್ಲಾದ ಖಾಲಿ ಕುರ್ಚಿಯನ್ನು ನೋಡುತ್ತಾ ನಿಂತಿದ್ದ. "ಧಣಿಗಳನ್ನು ಎಂತಕ್ಕೆ ಹಿಡಿದದ್ದು? ನನ್ನನ್ನು ಬಿಡುವಾಗ ಅವರನ್ನು ಒಳಗೆ ಹಾಕ್ತಿದ್ರು. ನನ್ನ ಮುಖ ನೋಡ್ಲಿಕ್ಕೆ ಅವರಿಗೆ ಆಗ್ಲಿಲ್ಲ."

"ಮಾಷ್ಟ್ರು ಆ ಸಂಜೆ ಕೆಳಗೆ ಬಂದರು ಅಂತ ಸುಳ್ಳು ಹೇಳಿದ್ದಕ್ಕೆ," ಎಂದೆ. ನನ್ನ ಮಾತು ನನಗೇ ಕಹಿಯಾಯಿತು.

"ಸುಳ್ಳಾ? ಅದು ಎಂತ ಸುಳ್ಳು? ಬಂದದ್ದು ಹೌದಲ್ಲ! ನಾನು ಬಿಸಿನೀರು ಕೊಂಡುಹೋದಾಗಲೂ ಮಾಷ್ಟ್ರು ಕೋಣೆಯಲ್ಲಿ ಅದನ್ನೇ ಹೇಳ್ತಾ ಇದ್ರು, ನಾಲ್ಕು ಸಿಕ್ಕಿತು ಅಂತ."

"ಹೇಳ್ತಾ ಇದ್ದರಾ? ಯಾರಿಗೆ?"

ಮೋನಪ್ಪ ಒಡೆದ ತುಟಿ ಒರೆಸಿಕೊಂಡ.

"ಮೋನಪ್ಪ, ಕೋಣೆಯಲ್ಲಿ ಮಾಷ್ಟ್ರು ಒಬ್ಬರೇ ಇದ್ದರು ಅಂತ ಪೊಲೀಸರಿಗೆ ಹೇಳಿದೀಯ."

"ಹೊಡೆದ್ರು. ಆದ್ರೂ ಹಾಗೇ ಹೇಳಿದೆ." ಅವನು ತಲೆ ತಗ್ಗಿಸಿದ. "ಸತ್ತವರ ಮರ್ಯಾದೆ ಸಾರ್. ಹೆಂಡತಿ ಮಕ್ಕಳಿಲ್ಲದ ಮಾಷ್ಟ್ರು. ದೀಪ ಹಚ್ಚುವ ಹೊತ್ತಿಗೆ ಅವರ ಕೋಣೆಯಲ್ಲಿ ಒಂದು ಹೆಂಗಸು ಇದ್ರು ಅಂತ ನಾನು ಹೇಗೆ ಹೇಳುದು? ಊರು ಎಂತ ಹೇಳ್ತದೆ?"

ರತ್ನಾವತಿ ಗಂಡನನ್ನು ದಿಟ್ಟಿಸಿದಳು. "ನನಗೂ ಹೇಳ್ಲಿಲ್ಲ ನೀವು! ನಾಳೆ ನಿಮ್ಮನ್ನು ಕೋರ್ಟಿಗೆ ಕೊಂಡುಹೋಗ್ತಿದ್ರು. ಅವರ ಮರ್ಯಾದೆಗೆ ನಾನು ಮುಂಡೆ ಆಗ್ಬೇಕಿತ್ತಾ?"

ಮೋನಪ್ಪನ ಕಣ್ಣು ಒಮ್ಮೆ ಮೇಲೆದ್ದು, ಮೇಜಿನ ಪಕ್ಕ ನಿಂತವರ ಎಡಗಾಲಿನ ಮೇಲೆ ನಿಂತು, ಮತ್ತೆ ಕೆಳಗಿಳಿಯಿತು.

ನಾನು ನಿಧಾನವಾಗಿ ತಿರುಗಿದೆ.

"ತಿಂಗಳಿಂದ ಅವರನ್ನ ನೋಡಿಲ್ಲ ಅಂದಿರಿ, ಜಯಲಕ್ಷ್ಮೀಯವರೇ."

"ಕಾಲೇಜಿನಲ್ಲಿ ಗೊತ್ತಾದರೆ ನನ್ನ ಕೆಲಸ ಹೋಗುತ್ತೆ ಸಾರ್." ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. "ನನ್ನ ಪಾಠಕ್ಕೆ ಅವರ ಹತ್ತಿರ ಸಲಹೆ ಕೇಳೋಕೆ ಬಂದಿದ್ದೆ. ಯಾರ ಕಣ್ಣಿಗೂ ಬೀಳೋದು ಬೇಡ ಅಂತ ಹಿಂದಿನ ಮೆಟ್ಟಿಲು ಹತ್ತಿದೆ. ಒಂದು ಮೆಟ್ಟಿಲು ಒಡೆದಿತ್ತು, ಕಾಲು ಉಳುಕಿತು. ಬಿಸಿನೀರು ನನ್ನ ಕಾಲಿಗೆ ತರಿಸಿದ್ದು."

"ಆಮೇಲೆ?"

"ಆಮೇಲೆ ಹೊರಟೆ. ಆಗ ಅವರು ಬದುಕಿದ್ದರು. ಒಡೆದ ಮೆಟ್ಟಿಲು ಕಾಣಲಿ ಅಂತ ಮೇಲೆ ನಿಂತು ಲಾಟೀನು ಹಿಡಿದಿದ್ದರು." ಅವರು ಬಗ್ಗಿ ಕೊಡೆಯನ್ನು ಎತ್ತಿಕೊಂಡರು. "ಇದನ್ನ ಹೇಳಬೇಕಾಗುತ್ತೆ ಅಂತ ಗೊತ್ತಿದ್ದೇ ಇವತ್ತು ಬಂದೆ. ರಾಯರ ತಲೆ ಮೇಲೆ ನನ್ನ ಲೆಕ್ಕ ಕೂತಿದೆ. ಇನ್ನು ಮುಚ್ಚಿಟ್ಟರೆ ನಾನು ಮಾಷ್ಟ್ರ ಶಿಷ್ಯೆ ಅಲ್ಲ."

"ನೀವು ಇಳೀವಾಗ ಅಲ್ಲಿ ಬೇರೆ ಯಾರೂ ಇರಲಿಲ್ಲವಾ?"

ಊಟದ ಸಾಲಿನಲ್ಲಿ ಕೈಗಳು ಎಲೆಯ ಮೇಲೇ ನಿಂತವು.

"ಇದ್ದರು. ನಾನು ಇಳೀವಾಗ ಒಬ್ಬರು ಕೆಳಗಿಂದ ಹತ್ತಿ ಬಂದರು. ಲಾಟೀನಿನ ಬೆಳಕಲ್ಲಿ ಮುಖ ನೋಡಿದೆ."

ಅವರು ನನ್ನ ಕಡೆ ತಿರುಗಲಿಲ್ಲ. ಅಡಿಗೆಮನೆಯ ಅರೆಬಾಗಿಲಿನ ಕಡೆ ತಿರುಗಿದರು.

"ಸುಗುಣಾ, ನಿಮ್ಮ ಅಪ್ಪ ಲಾಕಪ್ಪಿನಲ್ಲಿ ಇದ್ದಾರಮ್ಮಾ. ನೀನು ಹೇಳ್ತೀಯಾ, ನಾನೇ ಹೇಳಲಾ?"

ಬಾಗಿಲ ಕೆಳಗಿನ ಹಸಿರು ದಾವಣಿಯ ಅಂಚು ಸರಿದು ಮಾಯವಾಯಿತು. ಹಿತ್ತಲ ಬಾಗಿಲಿನ ಅಗಳಿ ತೆಗೆದ ಸದ್ದು ಬಂತು.